ವಳ್ಳೂರಿಗೆ ಹಗಲು ತ್ರೀಫೇಸ್ ಬಂದದ್ದು

ನಮ್ಮ ಇಲಾಖೆಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಒಂದು ಮಾತು ಕೇಳುತ್ತಾರೆ: "ಸಬ್‌ಸ್ಟೇಷನ್ನಲ್ಲಿ ಆಪರೇಟರ್‌ಗೆ ಏನು ಸಾರ್ ಕೆಲಸ? ಸುಮ್ನೆ ಕೂತಿರೋದೇ ಅಲ್ವಾ?" ಹೌದು, ಕೂತಿರುವುದೇ. ನಾನು ಮೂವತ್ತನಾಲ್ಕು ವರ್ಷ ಕೂತಿದ್ದೆ. ಕೊರಟಗೆರೆಯಲ್ಲಿ ಕೂತೆ, ಶಿರಾದಲ್ಲಿ ಕೂತೆ, ನನ್ನೂರು ಮಧುಗಿರಿಯಲ್ಲೂ ಒಂದಷ್ಟು ಕಾಲ ಕೂತೆ. ಕೊನೆಗೆ ಪಾವಗಡ ತಾಲ್ಲೂಕಿನ ವಳ್ಳೂರು ಕಡೆಯ ಒಂದು ಚಿಕ್ಕ ಸ್ಟೇಷನ್ನಿನಲ್ಲಿ ಕೂತು ನಿವೃತ್ತನಾದೆ. ಬಡ್ತಿ ಯಾವಾಗ ಬಂತು, ಹಾರ ಯಾರು ಹಾಕಿದರು ಎಂದೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ನಿಮಗೆ ಉಪಯೋಗವಿಲ್ಲ, ನನಗೂ ಸರಿಯಾಗಿ ನೆನಪಿಲ್ಲ. ಕೂತ ಜಾಗದಲ್ಲೇ ಒಬ್ಬ ಮನುಷ್ಯ ಎಷ್ಟು ಜನರ ಶಾಪ ಹೊತ್ತುಕೊಳ್ಳಬಹುದು, ಎಂಥ ದಡ್ಡ ತಪ್ಪು ಮಾಡಬಹುದು, ಅದನ್ನೆಲ್ಲ ಮೀರಿ ಎಷ್ಟು ಸಂತೋಷಪಡಬಹುದು ಎಂಬುದನ್ನಷ್ಟೇ ಹೇಳುತ್ತೇನೆ.

ನೇಮಕದ ಆದೇಶದಲ್ಲಿ ನನ್ನ ಕೆಲಸ ವಿದ್ಯುತ್ ಪೂರೈಸುವುದು ಎಂದಿತ್ತು. ನಾನು ಮಾಡಿದ್ದು ಬಹುಪಾಲು ತೆಗೆಯುವ ಕೆಲಸ. ಕೊರಟಗೆರೆಯ ದಿನಗಳಲ್ಲಿ ಗೋಡೆ ಪಕ್ಕದ ಕಪ್ಪು ಫೋನು ಎತ್ತಿದರೆ ಮೇಲಿನಿಂದ ಬರುತ್ತಿದ್ದದ್ದು ಒಂದೇ ಮಾತು: "ಲೋಡ್ ಜಾಸ್ತಿ ಆಯ್ತು, ತೆಗೀರಿ." ಹೋಗಿ ಹಿಡಿ ತಿರುಗಿಸಿದರೆ ಹತ್ತಾರು ಹಳ್ಳಿಗಳಲ್ಲಿ ಹಿಟ್ಟಿನ ಮಿಲ್ಲು ರಾಗಿಯನ್ನು ಅರ್ಧಕ್ಕೆ ನಿಲ್ಲಿಸುತ್ತಿತ್ತು, ಮೋಟಾರು ನೀರನ್ನು ಅರ್ಧ ಸಾಲಿಗೆ ನಿಲ್ಲಿಸುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ನಾನು ಪೋಸ್ಟಾಫೀಸು ಎನ್ನುತ್ತಿದ್ದೆ. ಒಂದು ಸಲ ಪಕ್ಕದಲ್ಲಿ ಕೂತಿದ್ದ ಅಜ್ಜಿ ತನ್ನ ಮಗಳ ಕಾಗದ ಯಾಕೆ ಬಂದಿಲ್ಲ ಎಂದು ಮಧುಗಿರಿ ತನಕ ಜಗಳ ಆಡಿದಳು. ಆಮೇಲೆ ಆ ಸುಳ್ಳನ್ನೂ ಬಿಟ್ಟೆ.

ಶಿರಾದಲ್ಲಿ ರಹಮತ್ ಸಿಕ್ಕಿದ. ಲೈನ್‌ಮ್ಯಾನ್, ಉದ್ದ ಆಸಾಮಿ, ಕಂಬ ಹತ್ತಿದರೆ ಕಂಬವೇ ಸ್ವಲ್ಪ ಬೆಳೆದ ಹಾಗೆ ಕಾಣುತ್ತಿದ್ದ. ಅವನ ತಂಗಿಯ ನಿಕಾ ದಿನ ಬಂದು, "ಭಾಯ್, ಇವತ್ತೊಂದಿನ ನಮ್ ಗಲ್ಲಿ ಲೈನ್ ಮುಟ್ಬೇಡಿ" ಎಂದು ಕೇಳಿಕೊಂಡ. ಆಗಲಿ ಎಂದೆ. ಊಟದ ಹೊತ್ತಿಗೆ ಮೇಲಿನಿಂದ ಫೋನು ಬಂತು, ತೆಗೆದುಬಿಟ್ಟೆ. ಮರುದಿನ ಅವನು ಹೊಡೆಯಲು ಬರುತ್ತಾನೆಂದು ಬಾಗಿಲ ಕಡೆಗೇ ಕಣ್ಣಿಟ್ಟು ಕೂತಿದ್ದೆ. ಅವನು ಬಂದದ್ದು ಡಬ್ಬಿಯ ತುಂಬ ಕೇಸರಿ ಬಣ್ಣದ ಸಿಹಿ ಅನ್ನ ಹಿಡಿದುಕೊಂಡು. "ಅರೇ ಭಾಯ್, ಮದುವೇಲಿ ನಮ್ಗೆ ಬೆಳಕು ಸಿಗ್ಲಿಲ್ಲ, ನಿಮ್ಗೆ ಊಟ ಸಿಗ್ಲಿಲ್ಲ. ಒಬ್ರಿಗಾದ್ರೂ ಸಿಗ್ಲಿ ತಿನ್ನಿ" ಎಂದ. ನಾನು ನಾಚಿಕೆಯಿಂದ ತಿಂದೆ. ಆವತ್ತಿನಿಂದ ಅವನು ನನ್ನ ಸ್ನೇಹಿತ. ಮುಂದೆ ಅವನು ಮೀಟರ್ ಪರೀಕ್ಷೆ ಮಾಡುವ ತಂಡಕ್ಕೆ ಹೋದ, ನಾನು ಪಾವಗಡಕ್ಕೆ ಹೋದೆ.

ಪಾವಗಡಕ್ಕೆ ವರ್ಗ ಎಂದರೆ ಆಗ ಮನೆಯವರು ಅಳುತ್ತಿದ್ದರು. ಬಿಸಿಲು, ಬಂಡೆ, ಅರ್ಧ ಕನ್ನಡ, ಅರ್ಧ ತೆಲುಗು. ಕರೆಂಟಿನ ಲೆಕ್ಕದಲ್ಲಂತೂ ಅದು ಲೈನಿನ ತುತ್ತತುದಿ. ಎಲ್ಲರೂ ಬಳಸಿ ಮಿಕ್ಕಿದ್ದು ನಮ್ಮ ಸ್ಟೇಷನ್ನಿಗೆ ತಲುಪುವ ಹೊತ್ತಿಗೆ ಬಲ್ಬಿನ ತಂತಿ ಕೆಂಪಗೆ ಕಾಣುವಷ್ಟು ಮಾತ್ರ ಉಳಿದಿರುತ್ತಿತ್ತು. ಆ ಬಿಸಿಲನ್ನು ನಾವೆಲ್ಲ ಬೈದವರೇ. ನಮ್ಮ ಕಣ್ಣೆದುರಿಗೇ ಅದಕ್ಕೆ ಬೆಲೆ ಬಂತು. ವಳ್ಳೂರು, ಬಲಸಮುದ್ರದ ಸುತ್ತ ಜನ ಸೋಲಾರ್ ಪಾರ್ಕಿಗೆಂದು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ಕಣ್ಣು ಹಾಯುವ ತನಕ ನೀಲಿ ಫಲಕಗಳು ಸಾಲು ಸಾಲಾಗಿ ಎದ್ದವು. ಮೊದಲ ಸಲ ನಮ್ಮ ಸ್ಟೇಷನ್ನಿನ ತಾರಸಿ ಮೇಲೆ ನಿಂತು ನೋಡಿದಾಗ, ಈ ಸೀಮೆಯಲ್ಲಿ ಎಂದೂ ಕಾಣದ ಕೆರೆ ತುಂಬಿದ ಹಾಗೆ ಕಂಡಿತು. ಹೆಮ್ಮೆಯಾಯಿತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಆದರೆ ಒಂದು ತಕರಾರಿತ್ತು. ಪಾರ್ಕಿನ ಕರೆಂಟು ದೊಡ್ಡ ದೊಡ್ಡ ಟವರ್‌ಗಳ ಮೇಲೆ ಹತ್ತಿ ದೂರ ಹೊರಟುಹೋಗುತ್ತಿತ್ತು. ನಮ್ಮ ಸ್ಟೇಷನ್ನಿನ ಹಳೆಯ ಲೈನೇ ಬೇರೆ. ಹಾಗಾಗಿ ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ನಮ್ಮಲ್ಲಿ ಮೊದಲಿನ ಹಾಗೆಯೇ ಸರದಿ ಮೇಲೆ, ಬಹುಪಾಲು ಕತ್ತಲಾದ ಮೇಲೆ. ಹಗಲು ಮನೆ ದೀಪಕ್ಕೆ ಸಾಕಾಗುವ ಸಿಂಗಲ್ ಫೇಸ್, ಅಷ್ಟೆ.

ವಳ್ಳೂರಿನ ಓಬಳಮ್ಮ ಐದು ಎಕರೆ ಪಾರ್ಕಿಗೆ ಕೊಟ್ಟು, ಬೋರ್‌ವೆಲ್ ಇದ್ದ ಎರಡು ಎಕರೆ ಉಳಿಸಿಕೊಂಡಿದ್ದಳು. ಅದರಲ್ಲಿ ಹಿಪ್ಪುನೇರಳೆ, ಮನೆಯಲ್ಲಿ ರೇಷ್ಮೆ ಹುಳ. ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಬೇಕು, ಸೊಪ್ಪಿಗೆ ನೀರು ಬೇಕು. ದಿನಕ್ಕೊಮ್ಮೆ ನನಗೆ ಫೋನು ಮಾಡಿ ಬೈಯುವುದು ಅವಳ ಮನೆಗೆಲಸಗಳಲ್ಲಿ ಒಂದಾಗಿತ್ತು. ಒಂದು ದಿನ ವಳ್ಳೂರಿನ ಸರದಿ ಸಂಜೆ ಬೆಳಕಿರುವಾಗಲೇ ಇತ್ತು. ಬೇರೆ ಊರಿನವರೊಬ್ಬರು ಜೋರು ಮಾಡಿದರೆಂದು ನಾನು ಅದನ್ನು ಅವರಿಗೆ ಕೊಟ್ಟು ವಳ್ಳೂರನ್ನು ಹಿಂದಕ್ಕೆ ಹಾಕಿದೆ. ಕರೆಂಟು ಬಂದಾಗ ಕತ್ತಲಾಗಿತ್ತು. ಮೋಟಾರು ಹಾಕಲು ಹೋದ ಓಬಳಮ್ಮನ ಗಂಡ ಅಂಜಿನಪ್ಪ ಬದುವಿನ ಮೇಲೆ ಹಾವು ತುಳಿದ.

ಜೀವ ಉಳಿಯಿತು, ಎಡಗಾಲಿನ ಎರಡು ಬೆರಳು ಹೋದವು. ಪಾವಗಡದ ಆಸ್ಪತ್ರೆಗೆ ನೋಡಲು ಹೋದೆ. ಹೋಗುವ ದಾರಿಯುದ್ದಕ್ಕೂ ತಿರುಗಿ ಬಂದುಬಿಡೋಣ ಎನ್ನಿಸುತ್ತಿತ್ತು. ಓಬಳಮ್ಮ ಬಾಗಿಲಲ್ಲೇ ಕೂತಿದ್ದಳು.

"ಏಮಪ್ಪಾ ರುದ್ರಣ್ಣ, ನೋಡಾಕ್ ಬಂದ್ಯಾ? ಬಾ, ನೋಡು. ನನ್ ಹೊಲದ್ ಬಿಸ್ಲೆಲ್ಲ ಹಿಡ್ದು ಯಾವ್ದೋ ಊರಿಗ್ ಕಳಿಸ್ತೀರಿ. ನನ್ ಗಂಡ ಮಾತ್ರ ಕತ್ಲಾಗೆ ಹೋಗಿ ಮೋಟ್ರು ಹಾಕ್ಬೇಕು. ಇದ್ಯಾವ್ ನ್ಯಾಯ ಕಣಪ್ಪಾ?"

"ಸರದಿ ಹಿಂದಕ್ಕೆ ಹಾಕಿದ್ದು ನಾನೇ ಕಣಮ್ಮ" ಎಂದೆ. ಹೇಳಬಾರದೆಂದು ದಾರಿಯಲ್ಲಿ ನಿರ್ಧರಿಸಿದ್ದ ಮಾತು ಅದು, ಬಾಯಿಗೆ ಬಂದುಬಿಟ್ಟಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದಕ್ಕೇ ಮತ್ತೊಂದು ಮಾತು ಆಡಿದೆ: "ವಳ್ಳೂರಿಗೆ ಹಗಲು ಹೊತ್ತೇ ತ್ರೀಫೇಸ್ ಕೊಡಿಸ್ತೀನಿ. ನಾನು ರಿಟೈರ್ ಆಗೋದ್ರೊಳಗೆ ಕೊಡಿಸ್ತೀನಿ."

"ನಿಜವಾಗ್ಲೂನಾ?"

"ನಿಜವಾಗ್ಲೂ."

ಒಬ್ಬ ಸ್ಟೇಷನ್ ಆಪರೇಟರ್‌ಗೆ ಇಂಥ ಮಾತು ಕೊಡುವ ಅಧಿಕಾರ ಎಳ್ಳಷ್ಟೂ ಇಲ್ಲ. ಸರದಿ ಗೊತ್ತು ಮಾಡುವವರು ಮಧುಗಿರಿಯ ಸಾಹೇಬರು, ಅವರಿಗೆ ಹೇಳುವವರು ಇನ್ನೂ ಮೇಲಿನವರು. ಹೊರಗೆ ಬಂದ ಮೇಲೆ ಬೆರಳು ಮಡಚಿ ಲೆಕ್ಕ ಹಾಕಿದೆ. ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ.

ಆ ಕಾಲದಲ್ಲಿ ಪಾರ್ಕು ನೋಡಲು ಹೊರದೇಶದವರು ಬರುತ್ತಿದ್ದರು. ಒಮ್ಮೆ ಆಫ್ರಿಕಾದ ಒಂದು ತಂಡದವರು ಬಿಸಿಲಿಗೆ ಸುಸ್ತಾಗಿ ನಮ್ಮ ಸ್ಟೇಷನ್ನಿನಲ್ಲಿ ಮಜ್ಜಿಗೆ ಕುಡಿಯಲು ನಿಂತರು. ಅವರಲ್ಲಿ ಒಬ್ಬಾಕೆ ಎಂಜಿನಿಯರ್. ಜೊತೆಯಲ್ಲಿದ್ದವರ ಮೂಲಕ ನಾನೇನು ಮಾಡುತ್ತೇನೆಂದು ಕೇಳಿಸಿದಳು. "ಕರೆಂಟು ತೆಗೆಯುತ್ತೇನೆ ಎನ್ನಿ" ಎಂದೆ. ಆಕೆ ಬಾಯಿ ತುಂಬ ನಕ್ಕಳು. ಆಕೆಯ ಊರಿನಲ್ಲೂ ಹಾಗೇ ಅಂತೆ, ಸರದಿ ಮೇಲೆ ಕರೆಂಟು, ಆಪರೇಟರ್‌ಗೆ ಬೈಗುಳ. ಈಗ ಅಲ್ಲಿಗೂ ಹಡಗಿನಲ್ಲಿ ಫಲಕಗಳು ಬಂದು ಇಳಿಯುತ್ತಿವೆಯಂತೆ, ಶಾಲೆಯ ಮೇಲೆ, ಆಸ್ಪತ್ರೆಯ ಮೇಲೆ, ಮರಳುಗಾಡಿನಲ್ಲಿ. ಹೋಗುವಾಗ ಆಕೆ ನನ್ನ ಕೈ ಹಿಡಿದು ಕುಲುಕಿದಳು. ನಾವು ಪಾವಗಡದವರು ಮಾತ್ರ ಬಿಸಿಲು ಮಾರಲು ಹೊರಟಿದ್ದೇವೆ ಎಂದುಕೊಂಡಿದ್ದೆ. ಭೂಮಿಯ ಮೇಲೆ ಬಿಸಿಲು ಬೀಳುವ ಕಡೆಯೆಲ್ಲ ಜನ ಇದೇ ಕೆಲಸಕ್ಕೆ ಎದ್ದಿದ್ದಾರೆ ಎಂದು ಆವತ್ತು ಗೊತ್ತಾಯಿತು. ಆಮೇಲೆ ಟಿವಿಯಲ್ಲಿ ಯಾವ ದೇಶದ ಹೆಸರು ಬಂದರೂ ಅಲ್ಲೊಂದು ನೀಲಿ ಬಯಲು ಕಾಣುತ್ತಿತ್ತು, ನಾನು ಹೆಂಡತಿಯನ್ನು ಕೂಗಿ ಕರೆದು ತೋರಿಸುತ್ತಿದ್ದೆ. "ನೋಡಿದ್ದೀನಿ, ಅಡುಗೆ ಸೀಯುತ್ತೆ" ಎಂದು ಆಕೆ ಒಳಗಿನಿಂದಲೇ ಹೇಳುತ್ತಿದ್ದಳು.

ನನ್ನ ಅದೃಷ್ಟಕ್ಕೆ ನಿವೃತ್ತಿಗೆ ಮೂರು ತಿಂಗಳಿರುವಾಗ, ಪಾರ್ಕಿಗೆ ಸಂಬಂಧವಿಲ್ಲದ ಒಂದು ಚಿಕ್ಕ ಸೋಲಾರ್ ಘಟಕವನ್ನು ನೇರವಾಗಿ ನಮ್ಮ ಸ್ಟೇಷನ್ನಿಗೇ ಜೋಡಿಸಿದರು. ಇನ್ನು ಹಗಲಿನ ಕರೆಂಟು ನಮ್ಮಲ್ಲೇ ಹುಟ್ಟುತ್ತದೆ, ಓಬಳಮ್ಮನಿಗೆ ಕೊಟ್ಟ ಮಾತು ಉಳಿಯುತ್ತದೆ ಎಂದು ಕುಣಿದಾಡಿದೆ. ವಳ್ಳೂರಿಗೆ ಹಗಲು ತ್ರೀಫೇಸ್ ಕೊಡಬೇಕೆಂದು ಮಧುಗಿರಿಯ ಶ್ರೀಕಂಠಯ್ಯ ಸಾಹೇಬರಿಗೆ ಅರ್ಜಿ ಕಳಿಸಿದೆ. ಸರದಿ ಅವರ ಕೈಯಲ್ಲಿತ್ತು. "ಹಗಲಿನ ರೀಡಿಂಗ್ ಎರಡು ತಿಂಗಳು ನೋಡಿ ಹೇಳ್ತೀನಿ" ಎಂದರು.

ಇಲ್ಲಿ ನಾನು ನನ್ನ ಜೀವಮಾನದ ದಡ್ಡತನ ಮಾಡಿದೆ. ಘಟಕ ಶುರುವಾದ ದಿನ ಮಧ್ಯಾಹ್ನ, ಹೊರಗಿನಿಂದ ನಮ್ಮ ಸ್ಟೇಷನ್ನಿಗೆ ಬರುವ ಮುಖ್ಯ ಲೈನಿನ ಮೀಟರಿನಲ್ಲಿ ಅಂಕಿಯ ಎಡಕ್ಕೆ ಒಂದು ಸಣ್ಣ ಅಡ್ಡಗೆರೆ ಕಾಣಿಸಿತು. ಮೈನಸ್. ಮೂವತ್ತು ವರ್ಷದಲ್ಲಿ ನಾನು ಅದನ್ನು ಕಂಡಿದ್ದು ಯಾವಾಗ ಎಂದರೆ, ಮೀಟರಿನ ಹಿಂದಿನ ವೈರು ಅದಲುಬದಲಾಗಿ ಕೂತಾಗ ಮಾತ್ರ. ತಕ್ಷಣ ಶಿರಾದ ರಹಮತ್‌ಗೆ ಫೋನು ಮಾಡಿದೆ. ಅವನು ಬಂದು ನೋಡಿದ. "ಭಾಯ್, ಈ ಮೀಟರ್ ನಾನೇ ಹಾಕಿದ್ದು, ಸರಿಯಾಗೇ ಹಾಕಿದ್ದೆ" ಎಂದು ತಲೆ ಕೆರೆದುಕೊಂಡ.

"ಸರಿಯಾಗ್ ಹಾಕಿದ್ರೆ ಮೈನಸ್ ಯಾಕ್ ಬರುತ್ತೋ? ತಿರುಗಿಸು" ಎಂದು ನಾನು ಹಿರಿಯನ ಗತ್ತು ತೋರಿಸಿದೆ.

ಹದಿನೈದು ನಿಮಿಷ ಲೈನು ಬಂದ್ ಮಾಡಿ ಅವನು ವೈರು ತಿರುಗಿಸಿದ. ಅಡ್ಡಗೆರೆ ಮಾಯವಾಯಿತು. ಇಬ್ಬರೂ ಚಹಾ ಕುಡಿದೆವು. ಕರೆಂಟು ನಮ್ಮ ಕಡೆಯಿಂದ ವಾಪಸು ಮೇಲಕ್ಕೆ ಹೋಗಬಹುದು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಲೈನಿನ ತುದಿಯಲ್ಲಿ ಕೂತು ಕೂತು ನಮಗೆ ಬರುವುದೊಂದೇ ಗೊತ್ತಿತ್ತು. ಲಾಗ್ ಬುಕ್ಕಿನಲ್ಲೂ ಅಂಕಿ ಬರೆಯಲು ಜಾಗವಿತ್ತೇ ಹೊರತು ಚಿಹ್ನೆ ಬರೆಯುವ ರೂಢಿ ಯಾರಿಗೂ ಇರಲಿಲ್ಲ. ವೈರು ತಿರುಗಿದ ಮೇಲೆ ಗೆರೆ ರಾತ್ರಿ ಹೊತ್ತು ಕಾಣತೊಡಗಿತ್ತು, ರಾತ್ರಿ ಪಾಳಿಯವರು ಅದನ್ನು ಪರದೆಯಲ್ಲಿ ಕಂಡರೂ ಅಂಕಿಯನ್ನಷ್ಟೇ ಬರೆದು ಮಲಗಿದರು.

ಎರಡು ತಿಂಗಳಾದ ಮೇಲೆ ಸಾಹೇಬರ ಉತ್ತರ ಬಂತು. ಲಾಗ್ ಬುಕ್ಕಿನ ಪ್ರಕಾರ ಮಧ್ಯಾಹ್ನವೇ ನಮ್ಮ ಸ್ಟೇಷನ್ ಎಲ್ಲಕ್ಕಿಂತ ಹೆಚ್ಚು ಕರೆಂಟು ಎಳೆಯುತ್ತಿದೆ, ಅದರ ಮೇಲೆ ಪಂಪ್‌ಸೆಟ್ಟುಗಳನ್ನೂ ಹೊರಿಸಿದರೆ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ, ಆದ್ದರಿಂದ ಹಗಲು ತ್ರೀಫೇಸ್ ಸಾಧ್ಯವಿಲ್ಲ. ಕಾಗದ ಹಿಡಿದು ಕೂತೆ. ಓಬಳಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಹೋಗ್ಲಿ ಬುಡು ರುದ್ರಣ್ಣ" ಎಂದಳು. "ನೀನಾದ್ರೂ ಏನ್ ಮಾಡ್ತೀಯ. ಹೆಂಗೋ ಆಗ್ತೈತೆ."

ಇಷ್ಟು ವರ್ಷ ಬೈದವಳು ಸಮಾಧಾನ ಹೇಳಿದಳಲ್ಲ, ಅದು ನನ್ನನ್ನು ಕೊಂದುಹಾಕಿತು. ನಿವೃತ್ತಿಗೆ ಹನ್ನೆರಡು ದಿನ ಉಳಿದಿತ್ತು.

ಮರುದಿನ ಮಧ್ಯಾಹ್ನ ಮೀಟರಿನ ಮುಂದೆ ಸುಮ್ಮನೆ ನಿಂತಿದ್ದೆ. ನಾಲ್ಕು ಮೆಗಾವ್ಯಾಟ್ ತೋರಿಸುತ್ತಿತ್ತು. ಕಿಟಕಿಯಾಚೆ ಅಂಗಳದ ಜಲ್ಲಿಯ ಮೇಲೆ ಒಂದು ಮೋಡದ ನೆರಳು ತೆವಳಿಕೊಂಡು ಬಂತು. ಅಂಕಿ ಇಳಿಯಿತು. ಮೂರು, ಎರಡು, ಒಂದು. ಮೋಡ ದಾಟಿತು, ಬಿಸಿಲು ಬಿತ್ತು, ಅಂಕಿ ಮತ್ತೆ ನಾಲ್ಕಕ್ಕೆ ಹತ್ತಿತು. ಇದೇನು ಎಂದುಕೊಂಡೆ. ಮೋಡ ಬಂದರೆ ಹಳ್ಳಿಯವರೆಲ್ಲ ಒಟ್ಟಿಗೆ ಸ್ವಿಚ್ ಆರಿಸಿ, ಬಿಸಿಲು ಬಂದರೆ ಒಟ್ಟಿಗೆ ಹಾಕುತ್ತಾರೆಯೇ? ಇನ್ನೊಂದು ಮೋಡ ಬಂತು. ಮತ್ತೆ ಇಳಿಯಿತು, ಮತ್ತೆ ಹತ್ತಿತು.

ಆಗ ತಲೆಗೆ ಹೊಳೆಯಿತು. ಅದು ನಾವು ಎಳೆಯುತ್ತಿದ್ದ ಕರೆಂಟಲ್ಲ. ನಮ್ಮ ಬಿಸಿಲು ಮೇಲಕ್ಕೆ ಕಳಿಸುತ್ತಿದ್ದ ಕರೆಂಟು! ನಾನು ಬರುವ ದಾರಿ ಎಂದು ತಿಳಿದದ್ದು ಹೋಗುವ ದಾರಿಯಾಗಿತ್ತು. ಆ ಅಡ್ಡಗೆರೆ ಸರಿಯಾಗಿಯೇ ಇತ್ತು, ತಪ್ಪು ಮಾಡಿದವನು ನಾನು. ಒಬ್ಬನೇ ಆ ಕೋಣೆಯಲ್ಲಿ ಜೋರಾಗಿ ನಕ್ಕೆ. ಹಿಂದೆಯೇ ನಗು ನಿಂತಿತು, ಏಕೆಂದರೆ ವಳ್ಳೂರಿಗೆ ಹಗಲು ಕರೆಂಟು ತಪ್ಪಿಸಿದ್ದು ಮೇಲಿನವರ ಕಲ್ಲು ಮನಸ್ಸಲ್ಲ, ನನ್ನದೇ ಕೈ. ಒಂದೇ ಊರಿಗೆ ಎರಡನೆಯ ಸಲ.

ರಹಮತ್‌ಗೆ ಹೇಳಿದೆ. "ಯಾ ಅಲ್ಲಾ! ಭಾಯ್, ಇಷ್ಟು ದಿನ ಲೈನ್‌ದು ಬಾಲ ಇದ್ವಿ ನಾವು. ಈಗ ತಲೆ ಆಗೋಗಿದೀವಿ, ನಮ್ಗೇ ಗೊತ್ತಿಲ್ಲ!" ಎಂದ. ಮಧುಗಿರಿಗೆ ತಾನೂ ಬರುತ್ತೇನೆಂದ. ಬೇಡ, ವೈರು ತಿರುಗಿಸು ಅಂದವನು ನಾನು ಎಂದು ಹೇಳಿ ಒಬ್ಬನೇ ಬಸ್ಸು ಹತ್ತಿದೆ.

ಶ್ರೀಕಂಠಯ್ಯ ಸಾಹೇಬರು ಕಟ್ಟುನಿಟ್ಟಿನ ಮನುಷ್ಯ. ಒಂದು ರೀಡಿಂಗ್ ತಿದ್ದಿ ಬರೆದವನನ್ನು ಅಮಾನತು ಮಾಡಿದವರು. ನಾನು ಬರೆದುಕೊಟ್ಟ ತಪ್ಪೊಪ್ಪಿಗೆ ಪೂರ್ತಿ ಓದಿ ಕನ್ನಡಕ ತೆಗೆದರು.

"ಏನ್ರೀ ರುದ್ರಪ್ಪ, ಇನ್ನು ಹನ್ನೊಂದು ದಿನ ಇದೆ ನಿಮಗೆ. ಇದನ್ನ ನಾನು ತಗೊಂಡ್ರೆ ವಿಚಾರಣೆ ಆಗಬಹುದು, ಪೆನ್ಷನ್ ಕಾಗದ ನಿಲ್ಲಬಹುದು. ವೈರು ತಿರುಗಿಸಿ ಸುಮ್ಮನೆ ಮನೆಗೆ ಹೋಗಬಹುದಿತ್ತಲ್ಲ?"

"ವೈರು ತಿರುಗಿಸಬಹುದು ಸಾರ್. ಆದ್ರೆ ಆ ಎರಡು ತಿಂಗಳ ಪುಸ್ತಕ ಸುಳ್ಳು ಹೇಳ್ತಾನೇ ಇರುತ್ತೆ. ಅದನ್ನ ನೋಡೇ ನೀವು ವಳ್ಳೂರಿಗೆ ಆಗಲ್ಲ ಅಂದಿದ್ದು."

ಅವರು ಪುಸ್ತಕ ತರಿಸಿ ಹಾಳೆ ತಿರುಗಿಸುತ್ತಾ ಹೋದರು. ನಾನು ಕೈಕಟ್ಟಿ ನಿಂತಿದ್ದೆ. ಒಂದು ಹಾಳೆಯಲ್ಲಿ ರಾತ್ರಿಯ ಅಂಕಿಗಳ ಮೇಲೆ ಅವರ ಬೆರಳು ನಿಂತಿತು. ಹೆಗಲು ಅಲುಗಿತು. ನೋಡಿದರೆ ನಗುತ್ತಿದ್ದಾರೆ.

"ಹಾಗಾದ್ರೆ ನಿಮ್ಮ ಮೀಟರ್ ಪ್ರಕಾರ ನೀವು ರಾತ್ರಿಯೆಲ್ಲ ನಾಡಿಗೆ ಕರೆಂಟು ಕಳಿಸ್ತಿದ್ರಿ ಅನ್ನಿ! ಬೆಳದಿಂಗಳಲ್ಲಿ ತಯಾರು ಮಾಡಿದ್ರೇನ್ರೀ?"

ನನಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವರು ಮಧ್ಯಾಹ್ನದ ಅಂಕಿಗಳನ್ನು ಒಂದೊಂದಾಗಿ ಗುರುತು ಹಾಕಿದರು. ಎಲ್ಲ ದಿನವೂ ನಾವು ಬಳಸಿ ಮಿಕ್ಕಿದ್ದನ್ನು ಮೇಲಕ್ಕೆ ಕಳಿಸಿದ್ದೆವು. ವಳ್ಳೂರಿನ ಪಂಪ್‌ಸೆಟ್ಟುಗಳಷ್ಟೇ ಅಲ್ಲ, ಪಕ್ಕದ ಎರಡು ಊರಿನವೂ ಹಗಲು ಹೊತ್ತಿನಲ್ಲಿ ಆರಾಮವಾಗಿ ಓಡುವಷ್ಟು. ನನಗೆ ಒಂದು ಎಚ್ಚರಿಕೆಯ ಮೆಮೊ ಕೊಟ್ಟರು. ಸೇವೆಯಲ್ಲಿ ನನಗೆ ಸಿಕ್ಕಿದ ಕಾಗದಗಳಲ್ಲಿ ಅದೊಂದನ್ನೇ ಇಟ್ಟುಕೊಂಡಿದ್ದೇನೆ. ಹೊಸಬರೇ, ಈಗ ಎಲ್ಲ ಕಂಪ್ಯೂಟರ್ ಪರದೆಯ ಮೇಲೆ ಬರುತ್ತದೆ, ಚಿಹ್ನೆ ಬಣ್ಣದಲ್ಲಿ ಮಿನುಗುತ್ತದೆ. ಆದರೂ ಒಂದು ಮಾತು: ಅಂಕಿ ಅರ್ಥವಾಗದಿದ್ದರೆ ವೈರಿಗೆ ಕೈ ಹಾಕುವ ಮೊದಲು ಕಿಟಕಿಯಾಚೆ ನೋಡಿ.

ಆದೇಶ ಬಂದಾಗ ನನ್ನ ಸೇವೆ ಎರಡು ದಿನ ಉಳಿದಿತ್ತು. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ವಳ್ಳೂರಿಗೆ ತ್ರೀಫೇಸ್. ಆ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡ್ಯೂಟಿಗೆ ಹೋದೆ. ಒಂಬತ್ತು ಹೊಡೆದ ತಕ್ಷಣ ವಳ್ಳೂರು ಲೈನಿನ ಬ್ರೇಕರ್ ಹಾಕಿದೆ. ಢಬ್ ಎಂದು ಸದ್ದಾಯಿತು. ಸಾವಿರಾರು ಸಲ ಕೇಳಿದ ಸದ್ದೇ, ಆದರೂ ಮೈ ಝುಮ್ಮೆಂದಿತು. ಪಾಳಿ ಮುಗಿಯುವ ತನಕ ತಡೆಯಲಾಗದೆ, ಮಧ್ಯಾಹ್ನ ಜೊತೆಯವನನ್ನು ಕೂರಿಸಿ ಸ್ಕೂಟರ್ ಹತ್ತಿ ವಳ್ಳೂರಿಗೆ ಹೋದೆ.

ನೆತ್ತಿ ಸುಡುವ ಬಿಸಿಲು. ಓಬಳಮ್ಮನ ತೋಟದಲ್ಲಿ ಪೈಪಿನ ಬಾಯಿಂದ ನೀರು ತೋಳಿನ ದಪ್ಪ ಬೀಳುತ್ತಿತ್ತು. ಹಿಪ್ಪುನೇರಳೆಯ ಸಾಲುಗಳೆಲ್ಲ ತುಂಬಿ ಹೊಳೆಯುತ್ತಿದ್ದವು. ಅಂಜಿನಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಟಾರ್ಚಿಲ್ಲದೆ, ಕೋಲಿಲ್ಲದೆ, ಸ್ವಲ್ಪ ಕುಂಟುತ್ತಾ ಬದುವಿನ ಮೇಲೆ ಓಡಾಡುತ್ತಿದ್ದ. ನೆಲದ ಕಡೆ ನೋಡುತ್ತಲೇ ಇರಲಿಲ್ಲ. ನನ್ನನ್ನು ಕಂಡು ಗುದ್ದಲಿ ಎತ್ತಿ ಬೀಸಿದ. ನಾನು ಸ್ಕೂಟರಿನಿಂದ ಇಳಿಯಲಾರದೆ ಹಾಗೇ ಕೂತುಬಿಟ್ಟೆ.

ಓಬಳಮ್ಮ ಸೊಪ್ಪಿನ ಹೊರೆ ಇಳಿಸಿ ನನ್ನ ಕಡೆ ಓಡಿಬಂದಳು. ಏನು ಹೇಳುತ್ತಾಳೋ ಎಂದು ಕಾದೆ.

"ರುದ್ರಣ್ಣಾ, ಒಳ್ಳೆ ಹೊತ್ಗೆ ಬಂದೆ! ನೀರು ಪಕ್ಕದೋರ್ ಹೊಲಕ್ ನುಗ್ತೈತೆ. ಆ ಮೋಟ್ರು ಆರಿಸ್ಬುಡು!"

"ಇನ್ನೂ ಮೂರು ಗಂಟೆ ಕರೆಂಟು ಇರುತ್ತೆ ಕಣಮ್ಮ" ಎಂದೆ.

"ಇರ್ಲಿ ಬುಡಪ್ಪ, ನಾಳೇನೂ ಬರ್ತೈತಲ್ಲ. ಇವತ್ತಿಗೆ ಸಾಕು!"

ಪಂಪ್ ಶೆಡ್ಡಿಗೆ ನಡೆದು ಹೋದೆ. ಕೆಂಪು ಗುಂಡಿಯ ಮೇಲೆ ಬೆರಳಿಟ್ಟೆ. ಸಾಕು ಎಂದು ಕೇಳಿಸಿಕೊಂಡು ಕರೆಂಟು ಆರಿಸಿದ್ದು ನನ್ನ ಮೂವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು.